ಬಳ್ಳಾರಿಯ ಒಂದು ಐಸಿಯು: ಬಿಲ್ಲಿನಲ್ಲಿ ಇಲ್ಲದ ಒಂದು ಪರೀಕ್ಷೆ

ಆಸ್ಪತ್ರೆ ಹೆಸರು ಹಾಕುವುದಿಲ್ಲ, ಬೈಯುವುದೂ ಇದೆ. ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆ ಅಂತಿಟ್ಟುಕೊಳ್ಳಿ. 78 ವರ್ಷದ ನಮ್ಮವ್ವನನ್ನು ಸಿರುಗುಪ್ಪದಿಂದ ಆಂಬುಲೆನ್ಸ್‌ನಲ್ಲಿ ತಂದು ಅಲ್ಲಿನ ಐಸಿಯುಗೆ ಸೇರಿಸಿದೆವು. ಮೂತ್ರದ ಸೋಂಕು ರಕ್ತಕ್ಕೆ ಹರಡಿತ್ತು, ಬಿಪಿ ನಿಲ್ಲುತ್ತಿರಲಿಲ್ಲ.

ಬೈಗುಳ ಮೊದಲು ಮುಗಿಸುತ್ತೇನೆ. ಅಡ್ವಾನ್ಸ್ ಕಟ್ಟುವ ತನಕ ಕೌಂಟರಿನವರು ತಲೆ ಎತ್ತುವುದಿಲ್ಲ. ಹೊರಗೆ ಕೂರುವ ಜಾಗದಲ್ಲಿ ಫ್ಯಾನ್ ಇದೆ, ತಿರುಗುವುದಿಲ್ಲ. ಬಳ್ಳಾರಿ ಬೇಸಿಗೆಯಲ್ಲಿ ಹಾಗಂದರೆ ಏನು ಅಂತ ನಿಮಗೇ ಗೊತ್ತು. ರಾತ್ರಿ ಡ್ಯೂಟಿಯವರು ಒಂದು ಹೇಳಿದರೆ ಬೆಳಿಗ್ಗೆಯವರು ಇನ್ನೊಂದು.

ಆದರೆ ಐಸಿಯು ಡಾಕ್ಟರಮ್ಮನಿಗೆ ಪೂರ್ತಿ ಮಾರ್ಕ್ಸ್. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಕೈಯಲ್ಲಿದ್ದರೂ ನಮ್ಮನ್ನು ಕರೆದು ಕೂರಿಸಿ ಅವರು ಕೇಳಿದ್ದು, ಈ ಜ್ವರ ಬರುವ ಮುಂಚೆ, ಒಂದೆರಡು ವಾರದ ಹಿಂದೆ, ಅಮ್ಮ ಹೇಗಿದ್ದರು ಅಂತ. ಬೆಂಗಳೂರಿನಿಂದ ಓಡಿ ಬಂದಿದ್ದ ನನ್ನ ತಮ್ಮ ತಟ್ಟನೆ "ಚೆನ್ನಾಗೇ ಇದ್ರು ಮೇಡಂ, ಫೋನಲ್ಲಿ ದಿನಾ ಮಾತಾಡ್ತಿದ್ರು" ಅಂದ. ಅವರು ತಲೆಯಾಡಿಸಿ ನನ್ನ ಹೆಂಡತಿ ಕಡೆ ತಿರುಗಿ, "ಸ್ನಾನ ಮಾಡಿಸೋರು ಯಾರಮ್ಮಾ?" ಅಂದರು. ಆಗ ನೋಡಿ ನಿಜ ಹೊರಗೆ ಬಂತು. ಸ್ನಾನಕ್ಕೆ ಇವಳೇ ಬೇಕು, ಮೆಟ್ಟಿಲಿಗೆ ಕೈ ಹಿಡಿಯಬೇಕು, ರೊಟ್ಟಿ ಬಡಿಯುವುದು ಬಿಟ್ಟೇ ಬಹಳ ದಿನವಾಯಿತು, ಮಾತ್ರೆ ಎಣಿಸಿ ಕೊಡಬೇಕು.

ಹೀಗೆ ಕೇಳಿ ತಿಳಿದು, ಮೈಯಲ್ಲಿ ಕಸುವು ಎಷ್ಟಿತ್ತು ಅಂತ ಒಂದು ನಂಬರ್ ಕೊಡುವುದಕ್ಕೆ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ ಅಂತಾರೆ. ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಜೊತೆಯವರು 2005ರಲ್ಲಿ ಮಾಡಿದ್ದು. ಆಗ 7 ಹಂತ ಇತ್ತು, ಈಗ 9. 1 ಅಂದರೆ ಗಟ್ಟಿಮುಟ್ಟು, 5ರಿಂದ ಮೇಲೆ ಕಸುವು ಕುಗ್ಗಿದವರು. ನಮ್ಮವ್ವ 6. ಇವತ್ತು ಹಾಸಿಗೆಯಲ್ಲಿ ಹೇಗಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ, ಐಸಿಯುನಲ್ಲಿ ಎಲ್ಲರೂ ಮಲಗಿರುತ್ತಾರಲ್ವಾ. ಕಾಯಿಲೆ ಎಷ್ಟು ಜೋರು ಅಂತ ಬಿಪಿ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಹೇಳುತ್ತವೆ, ಅದನ್ನು ತಡೆದುಕೊಳ್ಳುವ ಶಕ್ತಿ ಒಳಗೆ ಎಷ್ಟು ಉಳಿದಿದೆ ಅಂತ ಹೇಳುವುದಿಲ್ಲ. ತುಂಗಭದ್ರಾ ಡ್ಯಾಂನಲ್ಲಿ ನೀರು ಎಷ್ಟಿದೆ ಅಂತ ನೋಡದೆ ಬರೀ ಬಿಸಿಲು ನೋಡಿ ಬೆಳೆ ಉಳಿಯುತ್ತಾ ಅಂದರೆ ಹೇಗೆ?

ಮನೆಗೆ ಬಂದ ಮೇಲೆ ಓದಿದೆ. ಯುರೋಪಿನ 21 ದೇಶಗಳ ಐಸಿಯುಗಳಲ್ಲಿ 80 ದಾಟಿದ ಐದು ಸಾವಿರ ರೋಗಿಗಳನ್ನು ನೋಡಿದ ಅಧ್ಯಯನ 2017ರಲ್ಲಿ ಬಂದಿದೆ. ಅವರಲ್ಲಿ ಶೇ. 43 ಜನ ಹೀಗೆ ಕಸುವು ಕುಗ್ಗಿದವರು. ಒಟ್ಟಾರೆ ಮೂವರಲ್ಲಿ ಒಬ್ಬರು ತಿಂಗಳೊಳಗೆ ತೀರಿಕೊಂಡಿದ್ದರು, ವಯಸ್ಸು ಮತ್ತು ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದರೂ ಕಸುವಿಲ್ಲದವರಿಗೇ ಅಪಾಯ ಜಾಸ್ತಿ. ಹಾಗಂತ ನಂಬರ್ ನೋಡಿ ಬೆಡ್ ಇಲ್ಲ ಅನ್ನುವಂತಿಲ್ಲ. 2020ರ ಕೋವಿಡ್ ಹೊತ್ತಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಈ ಸ್ಕೇಲ್ ಬಳಸಿ ಅಂತ ಹೇಳಿ, ವಿರೋಧ ಬಂದ ಮೇಲೆ, ಕಿರಿಯರಿಗೆ ಮತ್ತು ಮೊದಲಿನಿಂದ ಅಂಗವೈಕಲ್ಯ ಇರುವವರಿಗೆ ಬಳಸಬೇಡಿ ಅಂತ ತಿದ್ದಬೇಕಾಯಿತು.

ನನ್ನದೂ ಒಂದು ತಕರಾರಿದೆ. ಸ್ಕೇಲಿನಲ್ಲಿ ಹಣಕಾಸು ನೋಡಿಕೊಳ್ಳುವುದು, ಓಡಾಟಕ್ಕೆ ಬೇರೆಯವರ ನೆರವು ಅಂತೆಲ್ಲಾ ಬರುತ್ತದೆ. ನಮ್ಮವ್ವ ಗಟ್ಟಿಯಾಗಿದ್ದಾಗಲೂ ಬ್ಯಾಂಕಿನ ಮೆಟ್ಟಿಲು ಹತ್ತಿದವಳಲ್ಲ, ಅದೆಲ್ಲ ಅಪ್ಪನ ಕೆಲಸ. ಅದನ್ನು ಹಾಗೇ ಕೇಳಿದರೆ ನಮ್ಮ ಕಡೆಯ ಅರ್ಧ ಅಜ್ಜಿಯರು ಸುಮ್ನೆ 5 ಆಗಿಬಿಡುತ್ತಾರೆ. ಈ ಡಾಕ್ಟರು ಬ್ಯಾಂಕ್ ಬಿಟ್ಟು ರೊಟ್ಟಿ ಬಗ್ಗೆ ಕೇಳಿದ್ದು ಅದಕ್ಕೇ ನನಗೆ ಹಿಡಿಸಿತು.

ಆಮೇಲೆ ನೇರವಾಗಿ ಹೇಳಿದರು. ಸೋಂಕು ಇಳಿಯಬಹುದು, ಆದರೆ ಮೊದಲಿನಷ್ಟು ಓಡಾಡುವುದು ಕಷ್ಟ. ಔಷಧಿ ಎಲ್ಲ ಕೊಡೋಣ, ಎರಡು ಮೂರು ದಿನ ನೋಡೋಣ, ವೆಂಟಿಲೇಟರ್ ಮಾತು ಬಂದರೆ ಮತ್ತೆ ಕೂತು ಮಾತಾಡೋಣ. ವೆಂಟಿಲೇಟರ್ ಬೇಕಾಗಲಿಲ್ಲ. ಅವ್ವ ಈಗ ಮನೆಯಲ್ಲಿದ್ದಾಳೆ, ವಾಕರ್ ಹಿಡಿದು ಬಚ್ಚಲ ತನಕ ಹೋಗುತ್ತಾಳೆ, ಅಷ್ಟೇ.

ಬಿಲ್ಲಿನಲ್ಲಿ ಗ್ಲೌಸ್‌ಗೂ ದುಡ್ಡಿದೆ, ಆ ಮಾತುಕತೆಗೆ ಮಾತ್ರ ಇಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲೂ 6 ಅಂತ ಇರಲಿಲ್ಲ. ಮುಂದೆ ಬೇರೆ ಆಸ್ಪತ್ರೆಗೆ ಹೋದರೆ ಬೇಕಾಗುತ್ತೆ, ಬರೆದುಕೊಡಿ ಅಂದೆ. ಫಾರ್ಮ್ಯಾಟ್‌ನಲ್ಲಿ ಆ ಕಾಲಂ ಇಲ್ಲ ಸಾರ್ ಅಂದರು ಕೌಂಟರಿನಲ್ಲಿ. ಕೊನೆಗೆ ಡಾಕ್ಟರಮ್ಮನೇ ಪೆನ್ನಿನಲ್ಲಿ ಪಕ್ಕಕ್ಕೆ ಬರೆದು ಸಹಿ ಹಾಕಿದರು. ಆಸ್ಪತ್ರೆಗೆ ನನ್ನ ಮಾರ್ಕ್ಸ್ ಐದಕ್ಕೆ ಮೂರೂವರೆ. ಫ್ಯಾನ್ ರಿಪೇರಿ ಆದರೆ ನಾಲ್ಕು.