ನಿಧಾನಕ್ಕೆ ಓಡುವ ಔಟ್‌ಬೋರ್ಡ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್‌ಗೆ ಮಸಿ: ಯಾವ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ?

ಗೋವಾದ ಜುವಾರಿ ನದಿಯಲ್ಲಿ ಬಲೆ ಬಿಡುವಾಗ, ಬೇತುಲ್ ಕಡೆ ಸಾಳ್ ನದಿಯಲ್ಲಿ ಗಾಳ ಎಳೆಯುವಾಗ ದೋಣಿಯ ಹಿಂಬದಿಗೆ ತಗುಲಿಸಿದ ಔಟ್‌ಬೋರ್ಡ್ ಎಂಜಿನ್ ಗಂಟೆಗಟ್ಟಲೆ 1000–1500 ಆರ್‌ಪಿಎಂನಲ್ಲೇ (ನಿಮಿಷಕ್ಕೆ ಅಷ್ಟು ಸುತ್ತು) ಇರುತ್ತದೆ. ಕೆಲಸ ಮುಗಿಸಿ ವಾಸ್ಕೋದ ಖಾರಿವಾಡ ಜೆಟ್ಟಿಗೆ ಹೊರಟು ಥ್ರಾಟಲ್ ಏರಿಸಿದರೆ ಮಿಸ್ ಹೊಡೆಯುತ್ತದೆ, ಅಂದರೆ ಕಿಡಿ ತಪ್ಪಿ ತಡವರಿಸುತ್ತದೆ. ಪ್ಲಗ್ ಬಿಚ್ಚಿದರೆ ತುದಿ ಪೂರ್ತಿ ಒದ್ದೆ, ಕಪ್ಪು. ಪ್ಲಗ್‌ನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಅದರ ಮೇಲಿನ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಅಷ್ಟು ಬಿಸಿಯಾಗದಿದ್ದರೆ ಬಿಳಿ ಪಿಂಗಾಣಿಯ ಮೇಲೆ ಇಂಗಾಲ ಕೂತು, ಕಿಡಿಯ ಕರೆಂಟ್ ಎರಡು ಎಲೆಕ್ಟ್ರೋಡ್ ನಡುವಿನ ಗ್ಯಾಪ್ ಹಾರುವ ಬದಲು ಆ ಇಂಗಾಲದ ಮೇಲೆಯೇ ಹರಿದು ಪ್ಲಗ್‌ನ ಲೋಹದ ಮೈಗೆ ಇಳಿದುಬಿಡುತ್ತದೆ.

ಈ ಕಡೆ ಎಲ್ಲರೂ ಹೇಳುವ ಉಪಾಯಗಳನ್ನು 15 ಎಚ್‌ಪಿ, ಎರಡು ಸಿಲಿಂಡರ್, ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್‌ನಲ್ಲಿ ಒಂದೊಂದಾಗಿ ಹಾಕಿ ನೋಡಿ ಬರೆದ ಹೋಲಿಕೆ ಇದು.

ಹೆಚ್ಚಿನವರು ಮೊದಲು ಮಾಡುವುದು ಬಿಸಿ ಪ್ಲಗ್, ಅಂದರೆ ತುದಿ ಹೆಚ್ಚು ಕಾಯುವ ಪ್ಲಗ್ ಹಾಕುವುದು. ಎನ್‌ಜಿಕೆ ಕಂಪನಿಯ ಪ್ಲಗ್‌ಗಳಲ್ಲಿ ಸಂಖ್ಯೆ ಇಳಿದಷ್ಟೂ ಪ್ಲಗ್ ಬಿಸಿ, ಹಾಗಾಗಿ ಬಿ7ಎಚ್‌ಎಸ್-10 ತೆಗೆದು ಬಿ6ಎಚ್‌ಎಸ್ ಹಾಕುತ್ತಾರೆ. ನಿಧಾನದ ಓಟದಲ್ಲಿ ಮಸಿ ಕಡಿಮೆಯಾಗುವುದು ನಿಜ. ಆದರೆ ಲೋಡ್ ತುಂಬಿದ ದೋಣಿ ಇಳಿತಕ್ಕೆ ಎದುರಾಗಿ ಫುಲ್ ಥ್ರಾಟಲ್‌ನಲ್ಲಿ ಬಂದ ಮೇಲೆ ಬಿಚ್ಚಿ ನೋಡಿದರೆ ತುದಿ ಸುಣ್ಣದಂತೆ ಬೆಳ್ಳಗೆ. ಇದು ಅಪಾಯದ ಬಣ್ಣ. ತುದಿ ಅತಿಯಾಗಿ ಕಾದರೆ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ತಲೆಗೆ ತೂತು ಬೀಳುತ್ತದೆ. ದಡದಿಂದ ದೂರ ಹೋಗುವ ದೋಣಿಗೆ ಈ ಉಪಾಯ ಬೇಡವೇ ಬೇಡ. ಇರಿಡಿಯಂ ಪ್ಲಗ್‌ನಿಂದ ಸ್ಟಾರ್ಟಿಂಗ್ ಸ್ವಲ್ಪ ಸುಧಾರಿಸಿತು, ಅಷ್ಟೆ. ಪಿಂಗಾಣಿಗೆ ಮಸಿ ಹತ್ತಿದ ಮೇಲೆ ಅದೂ ಮಿಸ್ ಹೊಡೆಯುತ್ತದೆ. ಸೂಜಿಯಂಥ ತುದಿಯನ್ನು ಬ್ರಷ್‌ನಿಂದ ಉಜ್ಜುವಂತಿಲ್ಲ, ಬೆಲೆಯೂ ಜಾಸ್ತಿ.

ಆಯಿಲ್ ಬದಲಿಸಿದ್ದು ಇದಕ್ಕಿಂತ ಬಹಳ ಹೆಚ್ಚು ಫಲ ಕೊಟ್ಟಿತು. ಬೈಕಿನ 2ಟಿ (ಟೂ ಸ್ಟ್ರೋಕ್) ಆಯಿಲ್ ಗಾಳಿಯಿಂದ ತಣಿಯುವ, ತುಂಬ ಬಿಸಿಯಾಗುವ ಎಂಜಿನ್‌ಗೆ ಮಾಡಿದ್ದು. ಅದರಲ್ಲಿ ಲೋಹದ ಅಂಶವಿರುವ ಡಿಟರ್ಜೆಂಟ್ ಇರುತ್ತದೆ, ಸುಟ್ಟರೆ ಬೂದಿ ಉಳಿಯುತ್ತದೆ. ಆ ಬೂದಿ ಎರಡು ಎಲೆಕ್ಟ್ರೋಡ್ ನಡುವೆ ಸಣ್ಣ ಸೇತುವೆ ಕಟ್ಟಿದರೆ ಪ್ಲಗ್ ಪೂರ್ತಿ ಶಾರ್ಟ್. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 (ನೀರಿನಿಂದ ತಣಿಯುವ ಟೂ ಸ್ಟ್ರೋಕ್‌ಗೆ ಮಾಡಿದ ಆಯಿಲ್‌ನ ಗುರುತು) ಎಂದು ಬರೆದಿರುವ ಆಯಿಲ್‌ನಲ್ಲಿ ಆ ಬೂದಿ ಇಲ್ಲ. ಅನುಪಾತ ಮಾತ್ರ ಕಂಪನಿ ಹೇಳಿದ್ದೇ ಇರಲಿ. 50:1 ಎಂದರೆ ಲೀಟರಿಗೆ 20 ಎಂಎಲ್, 24 ಲೀಟರ್ ಟ್ಯಾಂಕಿಗೆ 480 ಎಂಎಲ್. ಕಣ್ಣಂದಾಜಿನಲ್ಲಿ ಸುರಿಯುವವರ ಟ್ಯಾಂಕಿನಲ್ಲಿ ಇದು ಸುಲಭವಾಗಿ ಒಂದೂವರೆ ಪಟ್ಟು ಆಗಿರುತ್ತದೆ. ಅಳತೆ ಬಾಟಲಿ ಇಟ್ಟುಕೊಂಡರೆ ಮಸಿಯ ಒಂದು ಪಾಲು ಅಲ್ಲಿಗೇ ಕಡಿಮೆ. ಮಸಿ ತಪ್ಪಿಸಲು 50:1ರ ಎಂಜಿನ್‌ಗೆ 100:1 ಹಾಕುವುದು ಬೇರಿಂಗ್ ಕೊಲ್ಲುವ ಕೆಲಸ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೂ ತಣ್ಣೀರನ್ನು ತಡೆಯುವ ವಾಲ್ವ್, ಮರಳಿ ಕೂರಿಸಿದಾಗ. ಉಪ್ಪು, ಮರಳು ಕಟ್ಟಿ ಅದು ಜಾಮ್ ಆಗುತ್ತದೆಂದು ಅನೇಕರು ಕಿತ್ತು ಬಿಸಾಡಿರುತ್ತಾರೆ. ಆಗ ತಣ್ಣನೆಯ ನೀರು ತಡೆಯಿಲ್ಲದೆ ಬ್ಲಾಕ್ ಮೂಲಕ ಹರಿದು, ನಿಧಾನದ ಓಟದಲ್ಲಿ ಸಿಲಿಂಡರ್ ಬೆಚ್ಚಗೇ ಆಗುವುದಿಲ್ಲ. ಪೆಟ್ರೋಲ್ ಸರಿಯಾಗಿ ಆವಿಯಾಗದೆ ಆಯಿಲ್ ಜೊತೆ ಗೋಡೆಗೆ ಅಂಟುತ್ತದೆ. ನಿಮ್ಮ ಎಂಜಿನ್ ಪರೀಕ್ಷಿಸಬೇಕೇ? ಹತ್ತು ನಿಮಿಷ ನಿಧಾನಕ್ಕೆ ಓಡಿಸಿ, ನಿಲ್ಲಿಸಿ, ಕವರ್ ತೆಗೆದು ಸಿಲಿಂಡರ್ ಹೆಡ್ ಮುಟ್ಟಿ. ಚೆನ್ನಾಗಿ ಬಿಸಿ ಹತ್ತಬೇಕು. ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ.

ಬಿಚ್ಚುವಾಗ ಅವಸರ ಬೇಡ. ಉಪ್ಪುನೀರಿನಲ್ಲಿ ಕಚ್ಚಿಕೊಂಡ ಆ ಸಣ್ಣ ಬೋಲ್ಟ್‌ಗಳು ಎಳೆದರೆ ತುಂಡಾಗುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ತಲೆಗೆ ಮೆಲ್ಲಗೆ ತಟ್ಟಿ, ತುಸು ಬಿಗಿ, ತುಸು ಸಡಿಲ ಮಾಡುತ್ತ ತೆಗೆಯಿರಿ. ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಇಂಥ ಎಂಜಿನ್‌ಗಳಲ್ಲಿ ಸುಮಾರು 50 ಡಿಗ್ರಿಗೆ ಬಾಯಿ ಬಿಡಬೇಕು, ತಣಿದಾಗ ಪೂರ್ತಿ ಮುಚ್ಚಬೇಕು. ಸೀಟಿನಲ್ಲಿ ಒಂದು ಮರಳಕಣ ಸಿಕ್ಕಿದ್ದರೂ ಮುಚ್ಚುವುದಿಲ್ಲ. ಕೂರಿಸುವಾಗ ಗ್ಯಾಸ್ಕೆಟ್ ಹೊಸದಿರಲಿ. ಪ್ರತಿ ಸಲ ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಫ್ಲಶ್ ಮಾಡಿ, ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾಗುವವರೆಗೂ. ಇಲ್ಲದಿದ್ದರೆ ಅದರ ಹಿಂದಿನ ಉಪ್ಪು ಹಾಗೇ ಉಳಿಯುತ್ತದೆ.

ಪ್ರೊಪೆಲ್ಲರ್‌ನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, ಇಂಚಿನಲ್ಲಿ) ಇಳಿಸುವುದು ಭಾರದ ದೋಣಿಗೆ ಮಾತ್ರ ಲಾಭ. ಪಿಚ್ 12ರಿಂದ 9ಕ್ಕೆ ಬಂದರೆ ಅದೇ ವೇಗಕ್ಕೆ ಎಂಜಿನ್ ಮೂರನೇ ಒಂದು ಪಾಲು ಹೆಚ್ಚು ತಿರುಗಬೇಕು, 1200 ಇದ್ದದ್ದು 1600ರ ಆಸುಪಾಸು. ಉಸಿರುಗಟ್ಟಿ ಎಳೆಯುವುದು ತಪ್ಪುತ್ತದೆ. ಖಾಲಿ ದೋಣಿಯಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ಮ್ಯಾನ್ಯುಯಲ್‌ನ ಗರಿಷ್ಠ ಆರ್‌ಪಿಎಂ ದಾಟುತ್ತದೆಯೇ ಎಂದು ಟ್ಯಾಕೋಮೀಟರ್‌ನಲ್ಲಿ ನೋಡಲೇಬೇಕು.

ಅರ್ಧ ಗಂಟೆಗೊಮ್ಮೆ ಎರಡು ಮೂರು ನಿಮಿಷ ಮುಕ್ಕಾಲು ಥ್ರಾಟಲ್‌ನಲ್ಲಿ ಓಡಿಸಿ ಮಸಿ ಸುಡುವುದು ಖರ್ಚಿಲ್ಲದ, ಚೆನ್ನಾಗಿ ಕೆಲಸ ಮಾಡುವ ದಾರಿ. ಬಲೆ ನೀರಿನಲ್ಲಿರುವಾಗ ಆಗದು, ಅದೊಂದೇ ತೊಡಕು. ಥ್ರಾಟಲ್ ಒಮ್ಮೆಲೇ ತಿರುಗಿಸದೆ ನಿಧಾನಕ್ಕೆ ಏರಿಸಿ, ಕ್ರ್ಯಾಂಕ್‌ಕೇಸ್‌ನಲ್ಲಿ ನಿಂತ ಆಯಿಲ್ ಒಟ್ಟಿಗೆ ಬಂದು ಪ್ಲಗ್ ನೆನೆಸದಿರಲಿ. ಚೋಕ್ ಆಫ್ ಆಗಿ ಪೂರ್ತಿ ತೆರೆದಿದೆಯೇ ಎಂದೂ ನೋಡಿಕೊಳ್ಳಿ.

ಇಷ್ಟಾದರೂ ದೋಣಿಯಲ್ಲಿ ಎರಡು ಹೊಸ ಪ್ಲಗ್, 1.0 ಎಂಎಂ ಗ್ಯಾಪ್ ಮೊದಲೇ ಹೊಂದಿಸಿ, ಮುಚ್ಚಳ ಬಿಗಿಯಾದ ಬಾಟಲಿಯಲ್ಲಿರಲಿ, ಜೊತೆಗೆ 21 ಎಂಎಂ ಪ್ಲಗ್ ಪಾನಾ. ಹಳೆಯದನ್ನು ಪೆಟ್ರೋಲ್ ಮತ್ತು ಹಿತ್ತಾಳೆ ಬ್ರಷ್‌ನಿಂದ ಉಜ್ಜಿ. ಉಕ್ಕಿನ ಬ್ರಷ್ ಪಿಂಗಾಣಿಯ ಮೇಲೆ ಲೋಹದ ಗೆರೆ ಬಿಡುತ್ತದೆ, ಕರೆಂಟ್ ಅದರ ಮೇಲೇ ಹರಿಯುತ್ತದೆ. ಪ್ಲಗ್ ಕೂರಿಸುವಾಗ ಕೊನೆಯವರೆಗೂ ಬೆರಳಿನಿಂದಲೇ ತಿರುಗಿಸಿ, ಆಮೇಲೆ ಪಾನಾದಿಂದ ಹೊಸ ವಾಷರ್‌ಗೆ ಅರ್ಧ ಸುತ್ತು, ಹಳೆಯ ವಾಷರ್‌ಗೆ ತುಸುವೇ. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹಾಳಾದರೆ ನದಿಯ ನಡುವೆ ರಿಪೇರಿ ಇಲ್ಲ.