ಡೆಪ್ಯುಟೇಶನ್, ಕೋರಿಕೆ ವರ್ಗಾವಣೆ, ಹೆಚ್ಚುವರಿ ಪ್ರಭಾರ: ಯಾವುದು ಯಾರಿಗೆ?

ಕೇಂದ್ರ ಸರ್ಕಾರಿ ನೌಕರರೇ, ಹೊಸ ಕೆಲಸ ಕಲಿಯೋ ಆಸೆ ಇದ್ದರೆ ನನ್ನ ಓಟು ಡೆಪ್ಯುಟೇಶನ್‌ಗೆ. ಅಂದರೆ ನಿಗದಿತ ಅವಧಿಗೆ ಬೇರೆ ಇಲಾಖೆಗೆ ಹೋಗಿ ಕೆಲಸ ಮಾಡುವುದು. ನಿಮ್ಮ ಮೂಲ ಇಲಾಖೆಯಲ್ಲಿ ಹುದ್ದೆಯ ಮೇಲಿನ ಹಕ್ಕು ಉಳಿದಿರುತ್ತದೆ. ಸ್ವಂತ ಮೂಲ ವೇತನದ ಜೊತೆ ಭತ್ಯೆ ಅಥವಾ ಹೊಸ ಹುದ್ದೆಯ ವೇತನ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಭತ್ಯೆ ಅದೇ ಊರಾದರೆ ಮೂಲ ವೇತನದ ಶೇ. 5, ಬೇರೆ ಊರಾದರೆ ಶೇ. 10; ಎರಡಕ್ಕೂ ಗರಿಷ್ಠ ಮಿತಿ ಇದೆ. ಮೂಲ ವೇತನ 50,000 ಇದ್ದವರಿಗೆ ಬೇರೆ ಊರಲ್ಲಿ ತಿಂಗಳಿಗೆ 5,000 ಜಾಸ್ತಿ. ಆದರೆ ಅವಧಿ ಮುಗಿದ ಮೇಲೆ ವಾಪಸ್ ಬರಲೇಬೇಕು. ಮತ್ತೆ ಹೋಗೋಕೆ ಸಾಮಾನ್ಯವಾಗಿ 3 ವರ್ಷ ಕಾಯಬೇಕು.

ಮನೆಯವರ ಹತ್ತಿರ ಇರಲೇಬೇಕು ಅನ್ನೋರಿಗೆ ಕೋರಿಕೆ ವರ್ಗಾವಣೆ. ಇದು ಕಾಯಂ. ಬೇರೆ ಜ್ಯೇಷ್ಠತಾ ಘಟಕಕ್ಕೆ (ಸೇವಾ ಹಿರಿತನದ ಪಟ್ಟಿ ಬೇರೆಯೇ ಇರುವ ಕಡೆಗೆ) ಹೋದರೆ ಮಾತ್ರ ಅಲ್ಲಿನ ಪಟ್ಟಿಯ ಕೊನೆಗೆ ಸೇರುತ್ತೀರಿ, ಬಡ್ತಿ ತಡವಾಗುತ್ತದೆ. ಹತ್ತು ವರ್ಷ ಸೇವೆ ಆದವರಿಗೆ ಇದು ದೊಡ್ಡ ನಷ್ಟ ಅಲ್ವಾ? ಸೇವೆಯ ಶುರುವಿನಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.

ಹೆಚ್ಚುವರಿ ಪ್ರಭಾರ ಅಂದರೆ ಕುರ್ಚಿ ಎರಡು, ಆಳು ಒಬ್ಬರೇ. ಹಣಕ್ಕಾಗಿ ಇದನ್ನು ಒಪ್ಪಿಕೊಳ್ಳಬೇಡಿ. 45 ದಿನಕ್ಕಿಂತ ಕಡಿಮೆ ಇದ್ದರೆ ಹೆಚ್ಚುವರಿ ವೇತನವೇ ಇಲ್ಲ. ಬರೀ ದೈನಂದಿನ ಕೆಲಸ ನೋಡಿಕೊಳ್ಳಿ ಅಂತ ಆದೇಶದಲ್ಲಿದ್ದರೂ ಸಿಗುವುದಿಲ್ಲ. ಆದೇಶದ ಆ ಸಾಲನ್ನು ಮೊದಲು ಓದಿ.