ಏರ್ ರೈಫಲ್‌ನ ಸ್ಪ್ರಿಂಗ್ ಕೂರಿಸುವ ಮುನ್ನ: ನನ್ನ ಬೆರಳು ಕಲಿತ ಪಾಠ

ಬಿಡಿಭಾಗಗಳಾಗಿ ಕೈಗೆ ಬಂದ ಹಳೆಯ ಏರ್ ರೈಫಲ್ ಒಂದನ್ನು ಮನೆಯಲ್ಲೇ ಜೋಡಿಸಲು ಹೋಗಿ, ಎಡಗೈ ಹೆಬ್ಬೆರಳಿಗೆ ಐದು ಹೊಲಿಗೆ ಹಾಕಿಸಿಕೊಂಡೆ. ಕಣ್ಣಿಗೆ ಕನ್ನಡಕವನ್ನೂ ಹಾಕಿರಲಿಲ್ಲವಾದ್ದರಿಂದ, ಪೆಟ್ಟು ಕೈಗಷ್ಟೇ ಬಿದ್ದದ್ದು ನನ್ನ ಪುಣ್ಯವೆಂದೇ ಹೇಳಬೇಕು.

ಇದು ಮದ್ದು ಸಿಡಿಸುವ ಬಂದೂಕಲ್ಲ. ನಳಿಗೆಯನ್ನು ಮಡಚಿ 4.5 ಮಿಲಿಮೀಟರ್ ಅಳತೆಯ ಸೀಸದ ಪೆಲೆಟ್ ಇಡುವ, ಸ್ಪ್ರಿಂಗ್ ಬಲದಿಂದ ಗಾಳಿಯನ್ನು ಅದುಮಿ ಹಾರಿಸುವ ಬಗೆಯದು. ಮದ್ದೇ ಇಲ್ಲದ ಮೇಲೆ ಅಪಾಯವೆಲ್ಲಿಂದ ಬರಬೇಕು ಎಂದು ನಾನು ಹಗುರವಾಗಿ ಎಣಿಸಿದ್ದೆ. ರೈಫಲನ್ನು ಹಾರಿಸಲು ಸಜ್ಜುಗೊಳಿಸದೆ ಸುಮ್ಮನೆ ಇಟ್ಟಿದ್ದಾಗಲೂ ಒಳಗಿನ ಸ್ಪ್ರಿಂಗ್ ಸಾಕಷ್ಟು ಅದುಮಿಕೊಂಡೇ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಗಾಳಿಯನ್ನು ಅದುಮುವ ಕೊಳವೆಯಂಥ ಪಿಸ್ಟನ್ನಿನೊಳಗೆ ಇಳಿಬಿಟ್ಟಾಗ ಅದು ಸಿಲಿಂಡರಿನ ಹಿಂಬದಿಯಿಂದ ನಾಲ್ಕು ಬೆರಳಿನಷ್ಟು ಹೊರಚಾಚಿಕೊಂಡಿತ್ತು. ಅಷ್ಟನ್ನೂ ಒಳಗೆ ಒತ್ತಿ, ಅದರ ಮೇಲೆ ಟ್ರಿಗರ್ ಇರುವ ಲೋಹದ ಗಟ್ಟಿಯನ್ನು ಕೂರಿಸಿ, ಎರಡರ ತೂತುಗಳನ್ನೂ ಸರಿಹೊಂದಿಸಿ ಅಡ್ಡಪಿನ್ನು ತೂರಿಸಬೇಕಿತ್ತು.

ಈ ಕೆಲಸಕ್ಕೆಂದೇ ಸ್ಪ್ರಿಂಗ್ ಕಂಪ್ರೆಸರ್ ಎಂಬ ಸಲಕರಣೆಯಿದೆ. ಸಿಲಿಂಡರನ್ನು ಕದಲದಂತೆ ಹಿಡಿದು, ತಿರುಪನ್ನು ಸುತ್ತಿದಂತೆ ಗಟ್ಟಿಯನ್ನು ನಿಧಾನವಾಗಿ ಒಳಗೆ ತಳ್ಳುವ ಸರಳ ಚೌಕಟ್ಟು ಅದು. ಒಂದೇ ಒಂದು ರೈಫಲಿಗಾಗಿ ಅದೇಕೆ ಎಂದು ಜಿಪುಣತನ ಮಾಡಿದ ನಾನು, ಸಿಲಿಂಡರನ್ನು ನೆಲಕ್ಕೆ ಊರಿ, ಮೈಭಾರವನ್ನೆಲ್ಲ ಅಂಗೈ ಮೇಲೆ ಬಿಟ್ಟು ಒತ್ತಿದೆ. ಪಿನ್ನು ಅರ್ಧ ಹೋಗಿ ನಿಂತಿತು. ಉಳಿದರ್ಧವನ್ನು ಬಡಿಯಲೆಂದು ಬಲಗೈಯಲ್ಲಿ ಸುತ್ತಿಗೆ ಎತ್ತಿಕೊಂಡಾಗ ಒತ್ತಡ ಒಂದು ಕಡೆಗೆ ವಾಲಿತು. ಪಿನ್ನು ಚಿಮ್ಮಿ ಹೋಯಿತು, ಹಿಂದೆಯೇ ಹಾರಿದ ಗಟ್ಟಿಯ ಅಂಚು ಹೆಬ್ಬೆರಳನ್ನು ಸೀಳಿಕೊಂಡು ಹೋಯಿತು. ಬಿಚ್ಚುವಾಗಲೂ ಇದೇ ಅಪಾಯವುಂಟು, ಏಕೆಂದರೆ ಪಿನ್ನು ಹೊರಬಂದ ಕ್ಷಣ ಸ್ಪ್ರಿಂಗನ್ನು ತಡೆಯುವುದು ಏನೂ ಇರುವುದಿಲ್ಲ.

ಗಾಯ ಮಾಗಿದ ಮೇಲೆ, ಕಂಪ್ರೆಸರ್ ಎರವಲು ತಂದು ಜೋಡಣೆಯನ್ನೇನೋ ಮುಗಿಸಿದೆ. ಆದರೆ ಆ ಹೊತ್ತಿಗೆ ಇನ್ನೊಂದು ಎಡವಟ್ಟು ಒಳಗೆ ಸೇರಿಕೊಂಡಿತ್ತು: ಪಿಸ್ಟನ್ ಸಲೀಸಾಗಿ ಜಾರಲೆಂದು ನಾನು ಹೊಲಿಗೆ ಯಂತ್ರದ ಎಣ್ಣೆಯನ್ನು ಧಾರಾಳವಾಗಿ ಸುರಿದಿದ್ದೆ. ಪಿಸ್ಟನ್ ನುಗ್ಗಿ ಗಾಳಿಯನ್ನು ಅದುಮಿದಾಗ ಆ ಗಾಳಿ ವಿಪರೀತ ಕಾಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲದೆ ಇಂಧನ ಹೊತ್ತಿಕೊಳ್ಳುವುದೂ ಹೀಗೆಯೇ. ಮೊದಲ ಹೊಡೆತಕ್ಕೇ ಕಿವಿಗಡಚಿಕ್ಕುವ ಸದ್ದು, ನಳಿಗೆಯ ತುದಿಯಲ್ಲಿ ಹೊಗೆ, ಸುಟ್ಟ ವಾಸನೆ. ಮತ್ತೆ ಬಿಚ್ಚಿ ನೋಡಿದರೆ ಗಾಳಿ ಸೋರದಂತೆ ತಡೆಯುವ ಪಿಸ್ಟನ್ನಿನ ಸೀಲು ಕರಕಲಾಗಿತ್ತು. ಸ್ಪ್ರಿಂಗಿಗೆ ತೆಳುವಾಗಿ ಮಾಲಿಬ್ಡಿನಮ್ ಗ್ರೀಸ್ ಸವರಿದರೆ ಸಾಕು. ಗಾಳಿ ಅದುಮುವ ಕೋಣೆಗೆ ಪೆಟ್ರೋಲಿಯಂ ಎಣ್ಣೆ ತಾಗಲೇಬಾರದು.

ಸೀಲಿನ ಒಂದು ಬದಿಯಲ್ಲಿ ಸುಟ್ಟದ್ದಲ್ಲದ, ಕತ್ತರಿಸಿದಂಥ ಗೆರೆಯೂ ಇತ್ತು. ಸಿಲಿಂಡರಿನ ಉದ್ದ ಸೀಳಿನ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ, ಪಿಸ್ಟನ್ ತೂರಿಸುವಾಗ ಸೀಲು ಅದಕ್ಕೆ ಉಜ್ಜಿದರೆ ಮುಗಿಯಿತು. ಹೊಸ ಸೀಲು ತಂದಿದ್ದೇನೆ. ಈ ಸಲ ಆ ಅಂಚನ್ನು ನಯವಾದ ಮರಳುಕಾಗದದಿಂದ ಉಜ್ಜಿ, ಉದುರಿದ ಪುಡಿಯನ್ನೆಲ್ಲ ಒರೆಸಿ ತೆಗೆಯದೆ ಪಿಸ್ಟನ್ನನ್ನು ಮುಟ್ಟುವುದಿಲ್ಲ.